ಖಾಯಂ ಎಂಬ ಎರಡಕ್ಷರ

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ನಡೆದಾಗ, ಹುಡುಗನ ರೂಪ, ಗುಣ, ಹೊಲ-ಮನೆಗಳ ವಿಚಾರವೆಲ್ಲ ಮುಗಿದು, ಅವಲಕ್ಕಿಯ ತಟ್ಟೆ ಬರಿದಾಗಿ, ಚಹದ ಕಪ್ಪು ಕೈಗೆ ಬಂದ ಗಳಿಗೆಯಲ್ಲಿ ಮನೆಯ ಹಿರಿಯರೊಬ್ಬರು ಮೆಲ್ಲಗೆ ಒಂದು ಪ್ರಶ್ನೆಯನ್ನು ಕೇಳುವುದುಂಟು: “ಹುಡುಗನ ನೌಕರಿ ಖಾಯಂ ಐತೇನ್ರಿ?” ಮುಂದಿನ ಮಾತೆಲ್ಲ ಅದರ ಉತ್ತರದ ಮೇಲೆ ನಿಂತಿರುತ್ತದೆ. ‘ಹೌದು’ ಎಂದರೆ ಮುಹೂರ್ತದ ಮಾತು. ‘ಇನ್ನೂ ಆಗಬೇಕು’ ಎಂದರೆ ‘ವಿಚಾರ ಮಾಡಿ ತಿಳಿಸುತ್ತೇವೆ’ ಎಂಬ ಮಾತು.

ಖಾಯಂ! ನೋಡಿದರೆ ಎರಡೇ ಅಕ್ಷರ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ತಾಲೂಕುಗಳಲ್ಲಿ, ದೊಡ್ಡ ಕಾರಖಾನೆಗಳ ಆಸರೆಯಿಲ್ಲದೆ ಮಳೆಯನ್ನೂ ಸರಕಾರವನ್ನೂ ನಂಬಿ ಬದುಕಬೇಕಾದ ಕುಟುಂಬಗಳಿಗೆ ಈ ಎರಡಕ್ಷರದಲ್ಲಿ ಮಕ್ಕಳ ವಿದ್ಯೆ, ಮನೆಯ ಸಾಲ, ಮುಪ್ಪಿನ ಊಟ ಎಲ್ಲವೂ ಅಡಗಿವೆ. ಈ ಅಕ್ಷರಗಳನ್ನು ಯಾರಿಗೆ ಕೊಡಬೇಕು? ಕೊಡುವ ಕೈ ನೇರವಾಗಿದೆಯೋ ಇಲ್ಲವೋ ಎಂಬುದನ್ನು ನೋಡಿಕೊಳ್ಳುವವರು ಯಾರು? ಈ ವಿಚಾರವನ್ನು ನಾನು ಬರೆಯಲು ಕಾರಣಳಾದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು.

ಒಂದೇ ಮನೆ, ಎರಡು ಕಾಲ

ಶಿಗ್ಗಾಂವಿ-ಸವಣೂರುಗಳ ನಡುವಣ ಒಂದು ಹಳ್ಳಿ. ಆ ಹುಡುಗಿ ಪದವಿಯನ್ನು ಉತ್ತಮ ದರ್ಜೆಯಲ್ಲಿ ಮುಗಿಸಿ ಆರೇಳು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ದ್ವಿತೀಯ ದರ್ಜೆ ಸಹಾಯಕರ ಹುದ್ದೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಹುದ್ದೆ, ಯಾವುದೇ ಪ್ರಕಟಣೆ ಹೊರಟರೂ ಅವಳ ಅರ್ಜಿ ಇದ್ದೇ ಇರುತ್ತದೆ. ಆಕೆಯ ತಂದೆ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದವರು. ಸುಮಾರು 1978ರಲ್ಲಿ ದಿನಗೂಲಿಯ ಮೇಲೆ ಸೇರಿ, ರಸ್ತೆಯ ತಗ್ಗು ತುಂಬಿಸಿ, ಮಳೆಗಾಲಕ್ಕೆ ಮೊದಲು ಗಟಾರ ಬಳಿದು, ಅಕ್ಷರ ಬಲ್ಲವರೆಂಬ ಕಾರಣಕ್ಕೆ ಹಾಜರಿ ಪಟ್ಟಿಯನ್ನೂ ಬರೆದು, ಹನ್ನೆರಡು ವರ್ಷಗಳ ನಂತರ ಖಾಯಂ ಆದವರು.

ಒಂದು ದಿನ ಅವರ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಹಿರಿಯರು ಸವಣೂರಿನ ಎಳೆಯ ಎಲೆಗಳನ್ನು ಒರೆಸಿ ಸುಣ್ಣ ಹಚ್ಚುತ್ತ ಕುಳಿತಿದ್ದರು. ಹುಡುಗಿ ಒಮ್ಮೆಲೆ ಕೇಳಿದಳು: “ಸರ, ನಮ್ಮಪ್ಪಗ ಒಂದೂ ಪರೀಕ್ಷಾ ಇರಲಿಲ್ಲ. ನನಗ ಹತ್ತು ಪರೀಕ್ಷಾ ಬರದ್ರೂ ನೌಕರಿ ಇಲ್ಲ. ಇದರಾಗ ನ್ಯಾಯ ಯಾವುದ್ರಿ?”

ತಂದೆಯ ಕೈ ಎಲೆಯ ಮೇಲೆಯೇ ನಿಂತಿತು. ತರಗತಿಯಲ್ಲಿ ಅಲಂಕಾರಶಾಸ್ತ್ರವನ್ನು ಗಂಟೆಗಟ್ಟಲೆ ಬೋಧಿಸಬಲ್ಲ ನನಗೆ ಆ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. ‘ಓದಿ ನೋಡಿ ಹೇಳುತ್ತೇನೆ’ ಎಂದು ಬಂದೆ. ಓದಿದಾಗ ತಿಳಿದ ಸಂಗತಿ ನಮ್ಮ ಜಿಲ್ಲೆಯ ಹೆಸರಿನೊಡನೆಯೇ ಆರಂಭವಾಗುತ್ತದೆಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಧಾರವಾಡದವರ ದಾವೆ

ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಈ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ಕಾಲದಲ್ಲಿ ‘ಧಾರವಾಡ ಜಿಲ್ಲಾ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ’ವು ರಾಜ್ಯ ಸರಕಾರದ ಮೇಲೆ ದಾವೆ ಹೂಡಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಏರಿತು. ಅವರ ವಾದ ಸರಳವಾಗಿತ್ತು: ಖಾಯಂ ನೌಕರರು ಮಾಡುವ ಕೆಲಸವನ್ನೇ ನಾವೂ ಮಾಡುತ್ತೇವೆ, ವರ್ಷ ವರ್ಷವೂ ಮಾಡುತ್ತೇವೆ, ಆದರೆ ಸಂಬಳವಿಲ್ಲ, ರಜೆಯಿಲ್ಲ, ನಾಳೆಯ ಭರವಸೆಯಿಲ್ಲ.

ರಾಜ್ಯದಲ್ಲಿ ಆಗ ಇಂಥ ದಿನಗೂಲಿಗಳ ಸಂಖ್ಯೆ ಸುಮಾರು 50,000. 1990ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು ಒಂದು ಯೋಜನೆಯನ್ನೇ ರೂಪಿಸಿತು. 1984ರ ಜುಲೈ 1ರಂದು ಅಥವಾ ಅದಕ್ಕೆ ಮೊದಲು ಸೇರಿದವರನ್ನು 1990ರ ಜನವರಿ 1ರಿಂದ ತಿಂಗಳಿಗೆ 780 ರೂಪಾಯಿಗಳ ನಿಶ್ಚಿತ ವೇತನದ ನೌಕರರೆಂದು ಎಣಿಸಬೇಕು. ಖಾಯಂ ಆಗುವವರೆಗೆ ವರ್ಷಕ್ಕೆ 15 ರೂಪಾಯಿ ಏರಿಕೆ ಕೊಡಬೇಕು. ಹತ್ತು ವರ್ಷ ಪೂರೈಸಿದವರಲ್ಲಿ 18,600 ಜನರನ್ನು ಕೂಡಲೇ ಖಾಯಂಗೊಳಿಸಬೇಕು. ಉಳಿದವರನ್ನು ಹಂತ ಹಂತವಾಗಿ ಸೇರಿಸಿಕೊಳ್ಳಬೇಕು. ಇದಕ್ಕೆ ಪರೀಕ್ಷೆ ಇರಕೂಡದು. ಮುಖ್ಯವಾಗಿ ದೇಹದ ಸಾಮರ್ಥ್ಯವನ್ನು ನೋಡಿದರೆ ಸಾಕು.

ಇಂದಿಗೆ 780 ರೂಪಾಯಿ ಏನೂ ಅಲ್ಲವೆನ್ನಿಸಬಹುದು. ಆದರೆ ಮಳೆ ಬಂದು ಕೆಲಸ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತಿದ್ದ ಮನೆಗೆ ತಿಂಗಳ ಕೊನೆಗೆ ತಪ್ಪದೆ ಬರುವ ಹಣದ ಬೆಲೆ ಏನೆಂಬುದನ್ನು ಆ ಮನೆಯವರೇ ಬಲ್ಲರು. ನನ್ನ ವಿದ್ಯಾರ್ಥಿನಿಯ ತಂದೆ ಖಾಯಂ ಆದದ್ದು ಈ ತೀರ್ಪಿನಿಂದಲೇ.

ದಿಲ್ಲಿಗೆ ಏನು ಅಧಿಕಾರ?

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ರಾಜ್ಯದ ನೌಕರಿ ರಾಜ್ಯದ ವಿಷಯ. ನಮ್ಮ ಸಂವಿಧಾನದ ಪಟ್ಟಿಗಳಲ್ಲಿಯೂ ಅದು ರಾಜ್ಯದ ಪಾಲಿಗೇ ಬಂದಿದೆ. ಹೀಗಿರುವಾಗ ಸವಣೂರಿನ ಪುರಸಭೆಯ ನೇಮಕದಲ್ಲಿಯೋ ಹಿರೇಕೆರೂರಿನ ರಸ್ತೆ ಕೂಲಿಯ ಹಾಜರಿ ಪಟ್ಟಿಯಲ್ಲಿಯೋ ದಿಲ್ಲಿಯವರು ಕೈಯಿಕ್ಕುವುದು ಹೇಗೆ?

ಉತ್ತರ ಸಂವಿಧಾನದ 16ನೆಯ ಅನುಚ್ಛೇದದಲ್ಲಿದೆ. ಸಾರ್ವಜನಿಕ ನೌಕರಿಯಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವಿರಬೇಕು; ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಊರು ಇವುಗಳ ಕಾರಣದಿಂದಲೇ ಯಾರನ್ನೂ ಹೊರಗಿಡಕೂಡದು ಎಂದು ಅದು ಸಾರುತ್ತದೆ. ಸಾಕಷ್ಟು ಪ್ರಾತಿನಿಧ್ಯ ದೊರೆಯದ ಹಿಂದುಳಿದ ವರ್ಗಗಳಿಗೆ ಹುದ್ದೆಗಳನ್ನು ಮೀಸಲಿಡಲು ಅದೇ ಅನುಚ್ಛೇದ ಸರಕಾರಕ್ಕೆ ಅಧಿಕಾರ ಕೊಡುತ್ತದೆ. ಈ ಕಟ್ಟಳೆ ದಿಲ್ಲಿಯ ಸಚಿವಾಲಯಕ್ಕೆ ಮಾತ್ರವಲ್ಲ. 12ನೆಯ ಅನುಚ್ಛೇದದ ವ್ಯಾಖ್ಯೆಯಂತೆ ‘ಪ್ರಭುತ್ವ’ವೆಂದರೆ ರಾಜ್ಯ ಸರಕಾರವೂ ಹೌದು, ಸ್ಥಳೀಯ ಸಂಸ್ಥೆಗಳೂ ಹೌದು. ಆದ್ದರಿಂದ ಗ್ರಾಮ ಪಂಚಾಯತಿಯ ಚಿಕ್ಕ ಕಚೇರಿಯವರೆಗೂ ಈ ಮಾತು ಇಳಿದು ಬರುತ್ತದೆ.

ಸ್ವಂತ ನಾಡಿನವರಿಗೆ ಮಾತ್ರ ನೌಕರಿ ಎಂದು ರಾಜ್ಯವು ತಾನೇ ನಿಯಮ ಮಾಡಲಾರದು. ವಾಸದ ನಿಬಂಧನೆ ವಿಧಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. 1957ರಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾಯಿದೆ ಮಾಡಿ, ತೆಲಂಗಾಣದಂಥ ಕೆಲವು ಪ್ರದೇಶಗಳ ಹೊರತು, ಅಂಥ ನಿಬಂಧನೆಗಳನ್ನು ತೆಗೆದುಹಾಕಿತು. ನಮ್ಮಲ್ಲಿಯೇ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸ್ಥಳೀಯ ಮೀಸಲಾತಿ ಬೇಕಾದಾಗ ಸಂವಿಧಾನಕ್ಕೇ 98ನೆಯ ತಿದ್ದುಪಡಿ ತಂದು 371-ಜೆ ಅನುಚ್ಛೇದವನ್ನು ಸೇರಿಸಬೇಕಾಯಿತು. ಮುಂಬಯಿ ಕರ್ನಾಟಕದ ಭಾಗವಾಗಿದ್ದ ನಮ್ಮ ನಾಲ್ಕು ತಾಲೂಕುಗಳಿಗೆ ಆ ಸೌಕರ್ಯವಿಲ್ಲ.

ರಾಜ್ಯದ ಲೋಕಸೇವಾ ಆಯೋಗದ ವಿಷಯದಲ್ಲಿಯೂ ಒಂದು ಜಾಣತನವನ್ನು ಕಾಣಬಹುದು. 1951ರಲ್ಲಿ ಸ್ಥಾಪಿತವಾದ ನಮ್ಮ ಆಯೋಗದ ಸದಸ್ಯರನ್ನು ನೇಮಿಸುವವರು ರಾಜ್ಯಪಾಲರು. ಆದರೆ ದುರ್ವರ್ತನೆಗಾಗಿ ಅವರನ್ನು ತೆಗೆಯುವ ಅಧಿಕಾರ ರಾಷ್ಟ್ರಪತಿಗಳಿಗೆ ಮಾತ್ರ, ಅದೂ ಸುಪ್ರೀಂ ಕೋರ್ಟಿನ ವಿಚಾರಣೆ ನಡೆದ ಬಳಿಕ. ನೇಮಿಸಿದ ಸರಕಾರದ ಮುಖ ನೋಡಿ ಕೆಲಸ ಮಾಡಬೇಕಾಗಬಾರದೆಂಬುದೇ ಇದರ ಉದ್ದೇಶ.

ಮಾಮಲೇದಾರರೂ ಅಮಲ್ದಾರರೂ

ದಿಲ್ಲಿಯ ಕಾವಲನ್ನು ನಮ್ಮ ಹಿರಿಯರು ಇನ್ನೂ ಹತ್ತಿರದಿಂದ ಕಂಡಿದ್ದರು. ನವಾಬರ ಸವಣೂರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೇ ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು, ಹೀಗೆ ಐದು ಆಡಳಿತಗಳ ನೌಕರರು ಒಂದೇ ಚಾವಣಿಯ ಕೆಳಗೆ ಕೂಡಿದರು. ನಾಡು ಒಂದಾದ ಸಂತೋಷ ಎಲ್ಲರಿಗೂ ಇತ್ತು. ಆದರೆ ಜ್ಯೇಷ್ಠತೆಯ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ? ನಮ್ಮ ಕಡೆಯ ಮಾಮಲೇದಾರರೂ ಮೈಸೂರಿನ ಅಮಲ್ದಾರರೂ ಸಮಾನರೋ ಅಲ್ಲವೋ?

ಇಂಥ ಜಗಳಗಳನ್ನು ಮುಂಗಂಡು ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮು ನೌಕರವರ್ಗದ ವಿಂಗಡಣೆ ಮತ್ತು ಏಕೀಕರಣವನ್ನು ಕೇಂದ್ರ ಸರಕಾರದ ಕೈಗೆ ಒಪ್ಪಿಸಿತ್ತು. ಎಲ್ಲರಿಗೂ ನ್ಯಾಯವಾದ ವ್ಯವಹಾರ ದೊರೆಯುವಂತೆ ನೋಡಲು ಸಲಹಾ ಸಮಿತಿಗಳನ್ನು ನೇಮಿಸುವ ಅವಕಾಶವಿತ್ತು. ಎರಡು ಹುದ್ದೆಗಳು ಸಮಾನವೋ ಎಂಬುದನ್ನು ನಾಲ್ಕು ಅಂಶಗಳಿಂದ ಅಳೆಯಬೇಕೆಂದು ಗೊತ್ತಾಯಿತು: ಕೆಲಸದ ಸ್ವರೂಪ, ಅಧಿಕಾರ ಮತ್ತು ಹೊಣೆಯ ವ್ಯಾಪ್ತಿ, ನೇಮಕಕ್ಕೆ ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ. ಹೊಸ ರಾಜ್ಯಕ್ಕೆ ಬಂದ ನೌಕರನ ಸೇವಾ ನಿಯಮಗಳನ್ನು ಅವನಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕಾಗಿತ್ತು.

ಆದರೆ ಈ ಕೊಡೆಯೂ ಎಲ್ಲ ಮಳೆಗೆ ಸಾಲುತ್ತಿರಲಿಲ್ಲ. ಕೇಂದ್ರವು 1957ರ ಮೇ 11ರಂದು ರಾಜ್ಯಗಳಿಗೆ ಬರೆದ ಜ್ಞಾಪನದಲ್ಲಿ, ಸಂಬಳ, ರಜೆ, ನಿವೃತ್ತಿ ವೇತನದಂಥವುಗಳನ್ನು ಕಾಪಾಡಿ, ಶಿಸ್ತು ಹಾಗೂ ಬಡತಿಯಂಥ ವಿಷಯಗಳನ್ನು ರಾಜ್ಯಗಳಿಗೆ ಬಿಟ್ಟಿತು. ದಕ್ಷಿಣ ಕನ್ನಡದ ಕಂದಾಯ ನೌಕರ ಎನ್. ರಾಘವೇಂದ್ರರಾಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆ ಜ್ಞಾಪನವೇ ಪೂರ್ವಾನುಮತಿಯೆಂದು 1964ರಲ್ಲಿ ತೀರ್ಮಾನಿಸಿತು. ಕೈಗೆ ಬರುವ ಸಂಬಳ ಉಳಿಯಿತು. ಮೇಲೇರುವ ಮೆಟ್ಟಿಲ ವಿಷಯ ರಾಜ್ಯದ ಕೈಗೇ ಹೋಯಿತು.

ಮುಂಬಾಗಿಲು, ಹಿಂಬಾಗಿಲು

ಈಗ ಮತ್ತೆ ದಿನಗೂಲಿಗೆ ಬರೋಣ. ಧಾರವಾಡದ ತೀರ್ಪಿನ ನಂತರವೂ ಕಚೇರಿಗಳು ಹಳೆಯ ರೂಢಿಯನ್ನು ಬಿಡಲಿಲ್ಲ. ಪ್ರಕಟಣೆಯಿಲ್ಲದೆ, ಪೈಪೋಟಿಯಿಲ್ಲದೆ, ಪರಿಚಯದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು; ಅವರು ಕೆಲವು ವರ್ಷ ದುಡಿದು ನ್ಯಾಯಾಲಯಕ್ಕೆ ಹೋಗುವುದು; ನ್ಯಾಯಾಲಯ ಮರುಕದಿಂದ ಖಾಯಂ ಮಾಡಿಸುವುದು. ಆ ಹುದ್ದೆಗಾಗಿ ಅರ್ಜಿ ಹಾಕಲು ಕಾದು ಕುಳಿತಿದ್ದ, ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗನಿಗೆ ಹುದ್ದೆಯೊಂದಿತ್ತೆಂಬ ಸುದ್ದಿಯೇ ತಿಳಿಯುತ್ತಿರಲಿಲ್ಲ.

2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ ಇದಕ್ಕೆ ತಡೆ ಹಾಕಿತು. ಆ ಮೊಕದ್ದಮೆಯೂ ಕರ್ನಾಟಕದ್ದೇ. ‘ಉಮಾದೇವಿ ಪ್ರಕರಣ’ವೆಂದು ದೇಶವೆಲ್ಲ ಅದನ್ನು ಬಲ್ಲದು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಸುಮಾರಿಗೆ ಸೇರಿದ ದಿನಗೂಲಿಗಳು ಖಾಯಂ ಮಾಡಿರೆಂದು ಕೇಳಿದ್ದರು. ಬಹಿರಂಗ ಪ್ರಕಟಣೆ ಮತ್ತು ಸ್ಪರ್ಧೆಯಿಲ್ಲದೆ ಒಳಗೆ ಬಂದವರಿಗೆ, ಎಷ್ಟು ವರ್ಷ ದುಡಿದರೂ, ಖಾಯಂ ಆಗುವ ಹಕ್ಕಿಲ್ಲವೆಂದು ಪೀಠ ಹೇಳಿತು. ಈ ತತ್ವಕ್ಕೆ ವಿರುದ್ಧವಾದ ಹಿಂದಿನ ತೀರ್ಪುಗಳನ್ನು ಇನ್ನು ಮೇಲ್ಪಂಕ್ತಿಯಾಗಿ ಹಿಡಿಯಬಾರದೆಂದಿತು. ಒಳಗಿರುವವನ ಕಣ್ಣೀರನ್ನು ನೋಡುವಾಗ ಹೊರಗೆ ಸಾಲಿನಲ್ಲಿ ನಿಂತ ಲಕ್ಷಾಂತರ ಜನರನ್ನು ಮರೆಯಬಾರದೆಂಬುದು ತೀರ್ಪಿನ ತಿರುಳು.

ಆದರೂ ಪೀಠವು ಕಠೋರವಾಗಲಿಲ್ಲ. ಮಂಜೂರಾದ ಹುದ್ದೆಯಲ್ಲಿ, ತಕ್ಕ ವಿದ್ಯಾರ್ಹತೆಯಿದ್ದು, ನ್ಯಾಯಾಲಯದ ಆಜ್ಞೆಯ ಬೆಂಬಲವಿಲ್ಲದೆಯೇ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಪರಿಶೀಲಿಸಿ ಖಾಯಂ ಮಾಡಲು ದಾರಿ ತೋರಿಸಿತು. ಆ ದಾರಿಯಾದರೂ ಸುಗಮವಾಯಿತೇ? ನೆರೆಯ ಗದಗದ ಜಿಲ್ಲಾ ಪಂಚಾಯತಿಯಲ್ಲಿ ಎಂಬತ್ತರ ದಶಕದಿಂದ ದುಡಿಯುತ್ತಿದ್ದ ಕೆಲವರ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. 2010ರ ಕೇಸರಿ ಪ್ರಕರಣದಲ್ಲಿ ನ್ಯಾಯಾಲಯವು, ಅರ್ಹರಾದ ಒಬ್ಬರನ್ನೂ ಬಿಡದೆ ಪರಿಶೀಲಿಸುವವರೆಗೆ ಆ ‘ಒಂದು ಸಲ’ದ ಕೆಲಸ ಮುಗಿದಂತಾಗುವುದಿಲ್ಲವೆಂದು ಸ್ಪಷ್ಟಪಡಿಸಿತು.

ಊರನ್ನು ಸ್ವಚ್ಛವಾಗಿಡುವ ಪೌರಕಾರ್ಮಿಕರ ಪಾಡು ಇದಕ್ಕಿಂತ ಕಷ್ಟದ್ದು. ಅವರಲ್ಲಿ ಎಷ್ಟೋ ಮಂದಿ ಗುತ್ತಿಗೆದಾರರ ಕೈಕೆಳಗೆ ದುಡಿದವರು. ದೀರ್ಘಕಾಲದ ಹೋರಾಟದ ನಂತರ 2022ರ ಸೆಪ್ಟೆಂಬರಿನಲ್ಲಿ ರಾಜ್ಯ ಮಂತ್ರಿಮಂಡಲವು 11,133 ಪೌರಕಾರ್ಮಿಕರನ್ನು ಖಾಯಂಗೊಳಿಸಲು ಒಪ್ಪಿತು.

ಪರೀಕ್ಷೆಗೇ ಒಂದು ಪರೀಕ್ಷೆ

‘ಹಿಂಬಾಗಿಲು ಮುಚ್ಚಿತು, ಇನ್ನು ಮುಂಬಾಗಿಲಿನಿಂದ ಬರಬಹುದಲ್ಲ’ ಎಂದು ವಾಚಕರು ಕೇಳಬಹುದು. ಮುಂಬಾಗಿಲಿಗೂ ಕಳ್ಳಗಿಂಡಿಗಳಿರುವುದನ್ನು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು, ಅಕ್ರಮ ಬಯಲಾದ ಮೇಲೆ, 2022ರ ಏಪ್ರಿಲಿನಲ್ಲಿ ಸರಕಾರ ರದ್ದುಪಡಿಸಿತು. ಹೈಕೋರ್ಟು ಅದನ್ನು 2023ರಲ್ಲಿ ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರು ಕಳೆದುಕೊಂಡ ವರ್ಷಗಳ ಲೆಕ್ಕವನ್ನು ಯಾರು ಕೊಡಬೇಕು?

ಇಂಥ ಅಕ್ರಮಗಳನ್ನು ತಡೆಯಲು ಕರ್ನಾಟಕವು 2023ರಲ್ಲಿ ಕಾಯಿದೆ ಮಾಡಿತು. ಸಂಸತ್ತು 2024ರಲ್ಲಿ ತನ್ನ ಕಾಯಿದೆ ಮಾಡಿತು. ಕೇಂದ್ರದ ಕಾಯಿದೆ ಕೇಂದ್ರದ ಪರೀಕ್ಷೆಗಳಿಗೆ ಅನ್ವಯಿಸುತ್ತದೆ. ರಾಜ್ಯದ ಪರೀಕ್ಷೆಯನ್ನು ಕಾಯುವ ಹೊಣೆ ರಾಜ್ಯದ್ದೇ.

ಅಮೆರಿಕದವರು ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದ್ದಾರೆ. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆ ವರ್ಣ, ಧರ್ಮ, ಲಿಂಗಗಳ ಭೇದವನ್ನು ನೌಕರಿಯಲ್ಲಿ ನಿಷೇಧಿಸಿತು. 1972ರ ತಿದ್ದುಪಡಿ ಅದನ್ನು ರಾಜ್ಯ ಸರಕಾರಗಳಿಗೂ ನಗರಸಭೆಗಳಿಗೂ ವಿಸ್ತರಿಸಿತು. ಪೊಲೀಸ್ ಇಲಾಖೆಯೋ ಅಗ್ನಿಶಾಮಕ ದಳವೋ ಭೇದ ಮಾಡಿದರೆ ಕೇಂದ್ರದ ನ್ಯಾಯ ಇಲಾಖೆಯೇ ಅದರ ಮೇಲೆ ದಾವೆ ಹೂಡಬಲ್ಲದು. ನಮ್ಮಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗಗಳಿವೆ. ವಿಚಾರಣೆಯ ವೇಳೆ ಸಿವಿಲ್ ನ್ಯಾಯಾಲಯದಂತೆ ಅಧಿಕಾರಿಗಳನ್ನು ಕರೆಸುವ, ಕಡತಗಳನ್ನು ತರಿಸುವ ಅಧಿಕಾರ ಅವಕ್ಕುಂಟು. ಅದಕ್ಕೆ ಮೀರಿದ ವಿಷಯಗಳಲ್ಲಿ ಅನ್ಯಾಯಕ್ಕೀಡಾದವನು ತಾನೇ ವಕೀಲರನ್ನು ಹಿಡಿದು, ಹಣ ಹೊಂದಿಸಿ, ನ್ಯಾಯಾಲಯಕ್ಕೆ ನಡೆಯಬೇಕು.

ಕಾವಲುಗಾರನನ್ನು ಕಾಯುವವರು

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸುವುದು ಪ್ರಾಮಾಣಿಕತನವಲ್ಲ. ರಾಜ್ಯಗಳಿಗೆ ಬುದ್ಧಿ ಹೇಳುವ ಕೇಂದ್ರದ ಕಚೇರಿಗಳೂ ಇದೇ ತಪ್ಪನ್ನು ಮಾಡಿವೆ. ಕೇಂದ್ರ ಜಲ ಆಯೋಗದಲ್ಲಿ ದಶಕಗಳ ಕಾಲ ಕಸ ಗುಡಿಸಿದ, ತೋಟ ನೋಡಿಕೊಂಡ ಕೆಲವರನ್ನು 2018ರಲ್ಲಿ ಕೆಲಸದಿಂದ ತೆಗೆಯಲಾಗಿತ್ತು. 2024ರ ಡಿಸೆಂಬರಿನಲ್ಲಿ, ಜಗ್ಗೋ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಅವರನ್ನು ಮರಳಿ ತೆಗೆದುಕೊಂಡು ಖಾಯಂಗೊಳಿಸುವಂತೆ ಆಜ್ಞಾಪಿಸಿತು. ಹಿಂಬಾಗಿಲ ನೇಮಕವನ್ನು ತಡೆಯಲು ಹುಟ್ಟಿದ ಉಮಾದೇವಿ ತೀರ್ಪನ್ನು, ನಿರಂತರವಾದ ಕೆಲಸವನ್ನು ಅಗ್ಗದ ಕೂಲಿಯಲ್ಲಿ ಮಾಡಿಸಿಕೊಳ್ಳಲು ಗುರಾಣಿಯಾಗಿ ಹಿಡಿಯಬಾರದೆಂದು ಎಚ್ಚರಿಸಿತು.

ನಾನೂ ಕೆಲವು ವರ್ಷ ‘ಅತಿಥಿ’ ಉಪನ್ಯಾಸಕನಾಗಿದ್ದವನು. ಅತಿಥಿ ದೇವರೆಂದು ಹೇಳುವ ನಾಡಿನಲ್ಲಿ ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ, ಮುಂದಿನ ವರ್ಷ ಕರೆಯುವರೋ ಇಲ್ಲವೋ ಎಂದು ದಾರಿ ಕಾಯುವ ಅತಿಥ್ಯವನ್ನು ಉಂಡಿದ್ದೇನೆ. ಆದಕಾರಣ ಒಳಗಿರುವವನ ಅಳಲೂ ನನಗೆ ಗೊತ್ತು. ಹೊರಗೆ ನಿಂತ ನನ್ನ ವಿದ್ಯಾರ್ಥಿಗಳ ಅಳಲೂ ಗೊತ್ತು. ಎರಡನ್ನೂ ತೂಗಿ ನೋಡಿದಾಗ ಈ ಇಬ್ಬರೂ ಒಬ್ಬರಿಗೊಬ್ಬರು ಶತ್ರುಗಳಲ್ಲವೆಂದು ತೋರುತ್ತದೆ. ಹುದ್ದೆ ಖಾಲಿಯಾದಾಗ ಸಕಾಲದಲ್ಲಿ ಪ್ರಕಟಣೆ ಹೊರಡಿಸಿ ನೇಮಕ ಮಾಡಿದ್ದರೆ ದಿನಗೂಲಿ ಹುಟ್ಟುತ್ತಿರಲಿಲ್ಲ, ನಿರುದ್ಯೋಗಿ ಕಾಯುತ್ತಿರಲಿಲ್ಲ. ಖಾಲಿ ಬಿಟ್ಟ ಹುದ್ದೆಯೇ ಇಬ್ಬರ ದುಃಖದ ಮೂಲ.

ಕಾವಲಿನ ಮಿತಿಯೂ ಇಲ್ಲಿಯೇ ಕಾಣುತ್ತದೆ. ಬಾಗಿಲು ತೆರೆದಾಗ ಯಾರನ್ನಾದರೂ ಅನ್ಯಾಯವಾಗಿ ತಳ್ಳಿದರೆ ಕೇಳಲು ಸಂವಿಧಾನವಿದೆ, ನ್ಯಾಯಾಲಯವಿದೆ, ಆಯೋಗಗಳಿವೆ. ಬಾಗಿಲನ್ನೇ ತೆರೆಯದೆ ವರ್ಷಗಟ್ಟಲೆ ಕುಳಿತರೆ ಕೇಳುವವರು ವಿರಳ. ಅಷ್ಟರಲ್ಲಿ ಓದುವ ಹುಡುಗರ ವಯಸ್ಸಿನ ಮಿತಿ ದಾಟಿಹೋಗುತ್ತದೆ.

ಕಳೆದ ತಿಂಗಳು ಮತ್ತೆ ಆ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ನಿನ್ನ ತಂದೆಗೆ ದೊರೆತದ್ದು ಹನ್ನೆರಡು ವರ್ಷಗಳ ದುಡಿಮೆಗೆ ತಡವಾಗಿ ಬಂದ ನ್ಯಾಯ. ನಿನಗೆ ಪರೀಕ್ಷೆಯನ್ನು ವಿಧಿಸಿದ್ದು ನಿನ್ನಂತೆ ಕಾಯುವ ಎಲ್ಲರ ಪರವಾದ ನ್ಯಾಯ. ಆ ಪರೀಕ್ಷೆಯನ್ನು ಸಕಾಲಕ್ಕೆ, ಕಳಂಕವಿಲ್ಲದೆ ನಡೆಸದಿರುವುದೇ ನಿನಗಾದ ಅನ್ಯಾಯ ಎಂದೆ. ಹುಡುಗಿ ಸುಮ್ಮನೆ ಕೇಳಿದಳು. ಮಾತನಾಡಿದವರು ಆಕೆಯ ತಂದೆ:

“ನಮ್ಮ ಕಾಲದಾಗ ನಮ್ಮಂಥವರಿಗೆ ಬಾಗಿಲಾನ ಇರಲಿಲ್ಲರಿ ಸರ. ಕಿಟಕಿ ಹಿಡದು ನಿಂತ್ವಿ, ದೊಡ್ಡ ಕೋರ್ಟಿನವರು ಕೈ ಹಿಡದು ಒಳಗ ಜಗ್ಗಿಕೊಂಡ್ರು. ಇವರ ಕಾಲಕ್ಕ ಬಾಗಿಲಾ ಐತಿ. ಚಿಲಕಾ ತಗಿಯೋರ ಇಲ್ಲ.”

ಹುಡುಗಿ ನಕ್ಕಳು. ನನಗೆ ಚಹ ಕೊಟ್ಟು, ಮರುದಿನ ಹಾವೇರಿಯಲ್ಲಿ ಒಂದು ಪರೀಕ್ಷೆಯಿದೆಯೆಂದು ಹೇಳಿ ಪುಸ್ತಕ ಹಿಡಿದು ಒಳಗೆ ಹೋದಳು.